ಬೀಳಲಿಕ್ಕೊಂದು ಜಾಗ

ಶ್ರೀಕಾರ್ಯಂನ ಪಾರ್ಕೊಂದರಲ್ಲಿ ಕನ್ನಡದ ಹುಡುಗಿಯೊಬ್ಬಳು ತೂತು ತೂತಾದ ಪ್ಲಾಸ್ಟಿಕ್ ಚೆಂಡನ್ನು ಬ್ಯಾಟಿನ ಮೇಲೆ ಟೊಕ್ ಟೊಕ್ ಎಂದು ಕುಣಿಸುತ್ತಿದ್ದಳು. ಪಿಕಲ್‌ಬಾಲ್ ಎನ್ನುತ್ತಾರೆ. ಟೆನಿಸ್ಸಿನ ಅಂಗಳವನ್ನು ಕುಗ್ಗಿಸಿ, ಟೇಬಲ್ ಟೆನಿಸ್ಸಿನ ಬ್ಯಾಟನ್ನು ಹಿಗ್ಗಿಸಿದರೆ ಆಗುವ ಆಟ. ತಿರುವನಂತಪುರದ ಐಟಿ ಕಂಪನಿಗಳಲ್ಲಿ ದುಡಿಯುವ ಅವಳೂ ಅವಳ ಗೆಳೆಯರೂ ಕೊಚ್ಚಿಯ ಕಲೂರಿನ ಕೋರ್ಟಿನ ಸುದ್ದಿ ಕೇಳಿ, ತಮ್ಮ ಕೋರ್ಟಿಗೂ ಜಾಗ ಆರಿಸಿಕೊಡಿ ಎಂದು ನನ್ನನ್ನು ಅಲ್ಲಿಂದ ಕರೆಸಿದ್ದರು. ಆ ಸದ್ದು ಕಿವಿಗೆ ಬಿದ್ದದ್ದೇ ಕಲೂರಿನ ಸಭೆ ನೆನಪಾಗಿ ಎದೆ ಧಸಕ್ಕೆಂದಿತು. ಸಭೆ ನಡೆದು ವರ್ಷವಾಗುತ್ತ ಬಂತು. ಎದೆಗೆ ಅದು ಇನ್ನೂ ಗೊತ್ತಾಗಿಲ್ಲ.

ನಾನು ಕಾಸರಗೋಡಿನ ಕಡೆಯವನು. ಯಾರದೋ ಪೈಂಟ್ ಅಂಗಡಿಯಲ್ಲಿ ಡಬ್ಬಿ ಹೊತ್ತು, ಕೊನೆಗೆ ಕಲೂರಿನಲ್ಲಿ ನನ್ನದೇ ಅಂಗಡಿ ತೆರೆದವನು. ಚೌಕಾಸಿ ಮಾಡದೆ ನಾನು ಕೊಂಡದ್ದೆಂದರೆ ಉಸಿರು ಮಾತ್ರ. ನೀವು ಎಂದಾದರೂ ಜಾಗ ನೋಡುವುದಿದ್ದರೆ ನನ್ನ ಮಾತು ಕೇಳಿ: ಆಟಿ ತಿಂಗಳ ಜಡಿಮಳೆಯಲ್ಲಿ ಹೋಗಿ ನೋಡಿ. ಬೇಸಿಗೆಯಲ್ಲಿ ಎಲ್ಲ ಜಾಗವೂ ಸಭ್ಯವಾಗಿಯೇ ಇರುತ್ತದೆ, ನೀರು ನಿಂತಾಗ ಅದರ ಬುದ್ಧಿ ತಿಳಿಯುತ್ತದೆ. ನಮ್ಮ ಕಡೆ ಮನೆಯ ಅಡಿಸ್ಥಳ ಆರಿಸುವುದು ಹೀಗೆಯೇ. ಮದುವೆಯ ಮಾತಿಗೆ ಆಟಿ ಆಗದು ಎಂದು ಹಿರಿಯರು ತಡೆಯದಿದ್ದರೆ ನಾನು ಪುತ್ತೂರಿಗೆ ಹೆಣ್ಣು ನೋಡಲಿಕ್ಕೂ ಕೊಡೆ ಹಿಡಿದುಕೊಂಡೇ ಹೋಗುತ್ತಿದ್ದೆ.

ಕಲೂರಿನಲ್ಲಿಯೂ ಕೆಲವು ಹುಡುಗರು ನಮ್ಮ ವಾರ್ಡಿನ ಪಾರ್ಕಿನಲ್ಲಿ ಕೋರ್ಟು ಬೇಕು, ಜಾಗ ನೋಡಿಕೊಡಿ ಎಂದು ಅಂಗಡಿಗೆ ಬಂದಿದ್ದರು. ಮಳೆ ಹೊಯ್ಯುತ್ತಿರುವಾಗಲೇ ಹೋಗಿ ನೋಡಿದೆ. ನೀರಿನ ಟ್ಯಾಂಕಿನ ಹಿಂದೆ, ಬಸ್ಸು ಓಡುವ ರಸ್ತೆಯ ಪಕ್ಕ, ಮೊಣಕಾಲುದ್ದ ನೀರು. ಒಳಗಿನ ಮೂಲೆಯಲ್ಲಿ ಹಿಂದೆಂದೋ ಸ್ಕೇಟಿಂಗಿಗೆಂದು ಹಾಕಿದ ಸಿಮೆಂಟು ನೆಲ. ಹನಿ ನೀರು ನಿಂತಿರಲಿಲ್ಲ, ನರಪಿಳ್ಳೆಯೂ ಇರಲಿಲ್ಲ. ಇದೇ ಎಂದೆ. ಇನ್ನೊಂದು ಮಾತು ನೆನಪಿಡಿ: ಸಭೆಗೆ ಹೋಗುವ ಮೊದಲೇ ಸಭೆ ಮುಗಿದಿರಬೇಕು. ವಾಕಿಂಗಿನ ಹಿರಿಯರಿಗೆ ಬೆಂಚುಗಳನ್ನು ನೆರಳಿಗೆ ಸರಿಸಿಕೊಡುವ ಮಾತು ಕೊಟ್ಟೆ, ಯೋಗದವರಿಗೆ ಭಾನುವಾರ ಬಿಟ್ಟುಕೊಟ್ಟೆ. ವಿರೋಧ ಎಂಬುದು ಯಾರಲ್ಲಿಯೂ ಉಳಿಯದಂತೆ ನೋಡಿಕೊಂಡೆ.

ಮಳೆ ಬಿಟ್ಟ ಮೇಲೆ ಸಭೆ. ವಾರ್ಡಿನ ಕೌನ್ಸಿಲರ್ ಹೆಂಗಸು ಬೇರೆ ಯಾರಿಗಾದರೂ ಹೇಳುವುದಿದೆಯೇ ಎಂದು ಬಾಯಿಮಾತಿಗೆ ಕೇಳಿದರು. ಹಿಂದಿನ ಸಾಲಿನಲ್ಲಿ ಹೆಣ್ಣುದನಿಯೊಂದು ಎದ್ದಿತು. ಒಳ್ಳೆಯ ಎರ್ನಾಕುಳಂ ಮಲಯಾಳ, ನೀರು ಹರಿದಂತೆ. ಇದು ಯಾರಪ್ಪಾ, ಇವಳೊಬ್ಬಳು ನನ್ನ ಲೆಕ್ಕದಿಂದ ತಪ್ಪಿಹೋದಳಲ್ಲ ಎಂದು ತಿರುಗಿ ನೋಡಿದರೆ, ನನ್ನ ಹೆಂಡತಿ ಶಾರದೆ.

ಕೊಚ್ಚಿಗೆ ಬಂದಂದಿನಿಂದ ಮೀನಂಗಡಿಯಲ್ಲಿ ಅವಳು ಬೆರಳು ತೋರಿಸುವುದು, ನಾನು ಮಾತಾಡುವುದು. ಅವಳಿಗೆ ಈ ಭಾಷೆ ಹತ್ತಲಿಲ್ಲವೆಂದು ಊರಿನಲ್ಲೆಲ್ಲ ಹೇಳಿ ಮರುಗಿದ್ದೆ. ಈಗ ಅವಳು ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

“ನಾವು ಐದಾರು ಹೆಂಗಸರು ಬೆಳಿಗ್ಗೆ ಅಲ್ಲಿ ಸೈಕಲ್ ಕಲಿಯುತ್ತೇವೆ. ಮಳೆಗೆ ನಿಲ್ಲಿಸಿದ್ದೆವು, ಇನ್ನು ಶುರು ಮಾಡಬೇಕು. ಕಲಿಯಬೇಕಾದರೆ ಬೀಳಬೇಕು. ರಸ್ತೆಯಲ್ಲಿ ಬಿದ್ದರೆ ಬಸ್ಸಿನ ಅಡಿಗೆ, ಹುಲ್ಲಿನಲ್ಲಿ ಚಕ್ರ ಉರುಳುವುದಿಲ್ಲ. ಆ ಮೂಲೆಯನ್ನೂ ತೆಗೆದುಕೊಂಡರೆ ನಾವು ಬೀಳುವುದು ಎಲ್ಲಿ?”

ಅದರ ಹಿಂದಿನ ವರ್ಷ ಅವಳ ಮೊಣಕಾಲು ತರಚಿದ್ದು ಕಂಡು ಕೇಳಿದಾಗ ಬಚ್ಚಲಿನಲ್ಲಿ ಜಾರಿತು ಎಂದಿದ್ದಳು. ನಾನು ಬಚ್ಚಲಿನ ನೆಲವನ್ನೇ ಒಡೆಸಿ ಹೊಸ ಟೈಲ್ಸ್ ಹಾಕಿಸಿದ್ದೆ.

ಜಾಗ ನೋಡಿದ್ದು ಯಾವಾಗ ಎಂದು ಕೌನ್ಸಿಲರ್ ನನ್ನನ್ನು ಕೇಳಿದರು. ಕರ್ಕಿಡಕದ ಮಳೆಯಲ್ಲಿ ಎಂದೆ, ನಮ್ಮ ಆಟಿಗೆ ಇಲ್ಲಿನ ಹೆಸರು ಅದು. ಸಭೆಯೆಲ್ಲ ನಕ್ಕಿತು. ಸೋತು ಅಭ್ಯಾಸವಿಲ್ಲದ ನಾಲಿಗೆ ಸುಮ್ಮನಿರಲಿಲ್ಲ, ಅರ್ಧ ಅವರಿಗೆ ಅರ್ಧ ನಮಗೆ ಎಂದುಬಿಟ್ಟಿತು.

“ಅರ್ಧ ಬೀಳಲಿಕ್ಕೆ ಬರುತ್ತದಾ?” ಎಂದಳು ಶಾರದೆ.

ಅಲ್ಲಿಗೇ ನಿಲ್ಲಲಿಲ್ಲ. ಕೋರ್ಟನ್ನು ಟ್ಯಾಂಕಿನ ಹಿಂದೆಯೇ ಮಾಡಿರಿ, ಆ ಚೆಂಡಿನ ಸದ್ದು ಬಸ್ಸಿನ ಗದ್ದಲದಲ್ಲಿ ಮುಳುಗಿ ಹೋಗುತ್ತದೆ, ಅಕ್ಕಪಕ್ಕದ ಮನೆಯವರು ನಿದ್ದೆಯಾದರೂ ಮಾಡಲಿ, ನೀರಿಗೆ ಒಂದು ಚರಂಡಿ ತೋಡಿದರಾಯಿತು ಎಂದಳು. ಸದ್ದಿನ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹಿರಿಯರು ತಲೆಯಾಡಿಸಿದರು, ಯೋಗದವರೂ ಆಡಿಸಿದರು. ಇಬ್ಬರೂ ನಾನು ಮೊದಲೇ ಒಲಿಸಿಟ್ಟವರು. ಕೌನ್ಸಿಲರ್ ನನ್ನತ್ತ ಬಗ್ಗಿ, ಈ ಚೇಚಿಯ, ಎಂದರೆ ಈ ಅಕ್ಕನ, ಪರಿಚಯ ಉಂಟೇ ಎಂದು ಕೇಳಿದರು.

“ಉಂಟು ಅಂತ ತಿಳಿದುಕೊಂಡಿದ್ದೆ,” ಎಂದೆ.

ಮನೆಗೆ ನಡೆಯುವಾಗ ಕೇಳಿದೆ, ಈ ಮಲಯಾಳ ಯಾವಾಗ ಕಲಿತದ್ದು ಅಂತ.

“ನೀವು ಇದ್ದಲ್ಲಿ ಉಳಿದವರ ಬಾಯಿಗೆ ಎಂತ ಕೆಲಸ ಉಂಟು ಮಾರಾಯ್ರೇ? ನೀವು ಅಂಗಡಿಗೆ ಹೋದ ಮೇಲೆ ಮಾತಾಡ್ತೇನೆ.”

“ಸೈಕಲಿನ ಸಂಗತಿಯಾದ್ರೂ ಹೇಳಬಹುದಿತ್ತು.”

“ಹೇಳಿದ್ರೆ ಮರುದಿನವೇ ಹಿಂದಿನಿಂದ ಹಿಡ್ಕೊಂಡು ಓಡಿ ಬರ್ತಿದ್ರಿ, ಬಲಕ್ಕೆ ತಿರುಗಿಸು, ಎಡಕ್ಕೆ ತಿರುಗಿಸು ಅಂತ. ಆಮೇಲೆ ನಾನು ಕಲಿಯುವುದು ಉಂಟಾ?”

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಬೆಳಿಗ್ಗೆ ಆರಕ್ಕೆ ನನ್ನ ಹೆಂಡತಿ ಯಾರಾಗಿರುತ್ತಾಳೆಂದು ನನಗೆ ಗೊತ್ತಿರಲಿಲ್ಲವಲ್ಲ. ಪೇಟೆಯ ಯಾವ ವ್ಯಾಪಾರಿಯೂ ನನ್ನನ್ನು ಹೀಗೆ ನಡುಬೀದಿಯಲ್ಲಿ ಬರಿಗೈಲಿ ನಿಲ್ಲಿಸಿದ್ದಿಲ್ಲ.

ಶ್ರೀಕಾರ್ಯಂನ ಹುಡುಗಿ ಮರಗಳ ನಡುವಿನ ಮಟ್ಟಸವಾದ ಜಾಗವೊಂದನ್ನು ತೋರಿಸಿ, “ಇಲ್ಲಿಗೆ ಯಾರೂ ಬರಲ್ಲ ಅಂಕಲ್,” ಎಂದಳು. ಜಾಗ ಚಂದವೇ ಇತ್ತು. ಹೂಂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾಳೆ ಹೇಳುತ್ತೇನೆ ಎಂದು ಹೊರಟು ಬಂದು, ರೈಲ್ವೆ ಸ್ಟೇಷನ್ ಹತ್ತಿರ ತಂಪಾನೂರಿನ ಲಾಡ್ಜೊಂದರಲ್ಲಿ ಕೋಣೆ ಹಿಡಿದೆ.

ಬೆಳಕು ಹರಿಯುವಾಗ ಮತ್ತೆ ಅಲ್ಲಿಗೆ ಹೋಗಿ ಒಂದು ಕಲ್ಲಿನ ಮೇಲೆ ಕೂತೆ. ತುಸು ಹೊತ್ತಿಗೆ ನಡುವಯಸ್ಸಿನ ಹೆಂಗಸೊಬ್ಬಳು ಗೇಟು ದಾಟಿ ನೇರ ಆ ಮರಗಳತ್ತಲೇ ಬಂದವಳು ನನ್ನನ್ನು ಕಂಡು ನಿಂತಳು. ಚೇಟ್ಟನ್, ಅಣ್ಣಾ, ಯಾರಿಗಾದರೂ ಕಾಯುತ್ತಿದ್ದೀರಾ ಎಂದು ಮಲಯಾಳದಲ್ಲಿ ಕೇಳಿದಳು.

ಹೌದು ಎಂದೆ. ಯಾರೂ ಬರದ ಆ ಜಾಗಕ್ಕೆ ಬರುವವರಿಗೆ. ಅವರು ಯಾರು ಎಂಬುದನ್ನು ಅವಳೇ ಹೇಳಬೇಕಾಗಿತ್ತು.