ದುಬೈಯ ಸ್ಟೇಷನ್, ನಮ್ಮ ಮನೆಯ ನೆಲ

ದುಬೈಯ ಒಂದು ರೈಲ್ವೆ ಸ್ಟೇಷನ್ನಿನ ಮೇಲೆ ನನಗಿರುವಷ್ಟು ಹೊಟ್ಟೆಕಿಚ್ಚು ಯಾವ ಮನುಷ್ಯರ ಮೇಲೂ ಇಲ್ಲ.

ನನ್ನ ಗಂಡ ಟೈಲ್ಸಿನ ಮೇಸ್ತ್ರಿ. ಮದುವೆಯಾದ ಹೊಸತರಲ್ಲಿ ನಮ್ಮೂರ ಕಡೆ, ವಿದ್ಯಾನಗರದ ಸುತ್ತಮುತ್ತ ಏಳುತ್ತಿದ್ದ ಮನೆಗಳಿಗೆಲ್ಲ ನೆಲ ಹಾಕುತ್ತಿದ್ದರು. 2008ರಲ್ಲಿ ನಾಯ್ಮಾರ್ಮೂಲೆಯ ಹತ್ತಿರ ನಮ್ಮದೇ ಮನೆಯ ತಾರಸಿ ಆಯಿತು, ಗೋಡೆಗೆ ಸಾರಣೆಯೂ ಆಯಿತು. ನೆಲ ಮಾತ್ರ ಬಾಕಿ. ಅಷ್ಟರಲ್ಲಿ ದುಬೈಗೆ ವೀಸಾ ಬಂತು. ಅಲ್ಲಿ ರಸ್ತೆಯ ಮೇಲೆ ಕಂಬ ನಿಲ್ಲಿಸಿ ಅದರ ಮೇಲೆ ರೈಲು ಓಡಿಸುತ್ತಾರಂತೆ. ಅದರದೊಂದು ಸ್ಟೇಷನ್ನಿಗೆ ಟೈಲ್ಸ್ ಹಾಕುವ ಕೆಲಸ.

"ನಮ್ಮ ನೆಲಕ್ಕೆ ಬೇರೆಯವರನ್ನು ಕರೀಬೇಡ. ನಾನೇ ಬಂದು ಹಾಕ್ತೇನೆ," ಎಂದು ಹೇಳಿ ಹೋದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಗೃಹಪ್ರವೇಶ ಬರೀ ಸಿಮೆಂಟಿನ ನೆಲದ ಮೇಲೆಯೇ ನಡೆಯಿತು.

ಶುಕ್ರವಾರ ಅವರಿಗೆ ರಜೆ, ಅಂದೇ ಫೋನು. ನನ್ನ ಜ್ವರ, ಅತ್ತೆಯ ಸಕ್ಕರೆ ಕಾಯಿಲೆ ಎರಡು ಮಾತಿನಲ್ಲಿ ಮುಗಿಯುತ್ತಿದ್ದವು. ಆಮೇಲೆ ಬರೀ ಸ್ಟೇಷನ್. ಹಿಂದೆ ಅಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲವಂತೆ. ಆಮೇಲೆ ಕಂಬಗಳು ಎದ್ದವಂತೆ. ಕಾಂಕ್ರೀಟನ್ನು ಬೇರೆಲ್ಲೋ ತುಂಡುತುಂಡಾಗಿ ಎರಕ ಹೊಯ್ದು ತಂದು, ಮೇಲೆ ಒಂದಕ್ಕೊಂದು ಜೋಡಿಸಿದರಂತೆ. ನಮ್ಮ ಬಾವಿಯ ಕಟ್ಟೆ ಕುಸಿದ ಸುದ್ದಿ ಹೇಳಲು ನಾನು ಮುಂದಿನ ಶುಕ್ರವಾರದವರೆಗೆ ಕಾಯಬೇಕಾಯಿತು.

ರಜೆಯಲ್ಲಿ ಬಂದಾಗಲೂ ಅದೇ ಕಥೆ. ನಾನು ಆಫೀಸಿಗೆ ಊಟ ಒಯ್ಯುವ ಮೂರು ಅಂತಸ್ತಿನ ಕ್ಯಾರಿಯರನ್ನು ಮೇಜಿನ ಮೇಲಿಟ್ಟು ಅತ್ತೆಗೆ ಪಾಠ ಶುರು ಮಾಡಿದರು.

"ನೋಡಿ ಅಮ್ಮ, ಕೆಳಗಿನದ್ದು ರಸ್ತೆ. ಎಸ್ಕಲೇಟರಿನಲ್ಲಿ ಈ ನಡುವಿನದ್ದಕ್ಕೆ ಹತ್ತುದು, ಟಿಕೆಟು ಇಲ್ಲಿ. ಮೇಲಿನದ್ದು ಪ್ಲಾಟ್‌ಫಾರ್ಮು. ಅಲ್ಲಿ ಗಾಜಿನ ಬಾಗಿಲು ಉಂಟು, ರೈಲು ಬಂದ ಮೇಲೆಯೇ ತೆರೆಯುದು." ರಸ್ತೆ ದಾಟುವ ಸೇತುವೆಗೆ ನಡುವಿನ ಡಬ್ಬಿಯ ಪಕ್ಕಕ್ಕೆ ಒಂದು ಸೌಟು ಬಂತು. ಕಣ್ಣು ಕಾಣದವರಿಗೆ ಕಾಲಿಗೆ ದಾರಿ ತಿಳಿಯಲಿ ಎಂದು ನೆಲದುದ್ದಕ್ಕೂ ಉಬ್ಬು ಗೀಟಿನ ಟೈಲ್ಸ್ ಉಂಟಂತೆ, ಅದನ್ನು ಹಾಕಿದ್ದು ಇವರೇ ಅಂತೆ. ಆ ಗೀಟಿನ ಮೇಲೆ ಕೈಯಾಡಿಸುವವರ ಹಾಗೆ ಅವರ ಬೆರಳು ಮೇಜಿನ ಮೇಲೆ ಹೋಗುತ್ತಿತ್ತು. ನನಗೆ ನೋಡಲಾಗದೆ ಅಡುಗೆಮನೆಗೆ ಹೋದೆ.

"ಅದೆಲ್ಲ ಸರಿ ಮಗ, ನಮ್ಮ ಚಾವಡಿಗೆ ಟೈಲ್ಸ್ ಯಾವಾಗ?" ಎಂದು ಅತ್ತೆ ಕೇಳಿದ್ದು ಅಲ್ಲಿಗೂ ಕೇಳಿಸಿತು.

"ಈ ಸಲ ಸ್ವಲ್ಪ ಕೂತ್ಕೊಳ್ತೇನೆ ಅಮ್ಮ. ಮುಂದಿನ ರಜೆಗೆ ಹಾಕುವ."

ಮುಂದಿನ ರಜೆಗೂ ಅದೇ ಉತ್ತರ. ಪಕ್ಕದ ಮನೆಯ ಅಕ್ಕ, "ಎಂತ ಮಾರಾಯ್ತಿ, ದುಬೈಯವರಿಗೆಲ್ಲ ನೆಲ ಹಾಕಿ ಆಯ್ತು, ನಿನಗೊಬ್ಬಳಿಗೆ ಇಲ್ಲವಾ?" ಎಂದಳು. ನಕ್ಕು ಒಳಗೆ ಬಂದು ಪಾತ್ರೆಗಳನ್ನು ಕುಕ್ಕಿದೆ. ಸವತಿ ಇದ್ದಿದ್ದರೆ ಎದುರಿಗೆ ನಿಂತು ಜಗಳವನ್ನಾದರೂ ಆಡಬಹುದಿತ್ತು.

ರೈಲು ಓಡಲು ಶುರುವಾಗಿ ಸುಮಾರು ಕಾಲವಾದ ಮೇಲೆ ನನಗೂ ವಿಸಿಟ್ ವೀಸಾ ಸಿಕ್ಕಿತು. ಹೋದ ಮರುದಿನವೇ ಅವರು ಕರೆದುಕೊಂಡು ಹೋದದ್ದು, ಬೇರೆಲ್ಲಿಗೆ, ಸ್ಟೇಷನ್ನಿಗೆ. ನೆಲ ಹೊಳೆಯುತ್ತಿತ್ತು. ಟೈಲ್ಸಿನ ನಡುವೆ ಒಂದು ಸಂದೂ ಆಚೀಚೆ ಇಲ್ಲ. ಜನ ಬೂಟು ಹಾಕಿಕೊಂಡು, ಪೆಟ್ಟಿಗೆ ಎಳೆದುಕೊಂಡು, ಫೋನು ನೋಡುತ್ತಾ ಅದರ ಮೇಲೆ ಹೋಗುತ್ತಿದ್ದರು. ಒಬ್ಬರೂ ಕೆಳಗೆ ನೋಡಲಿಲ್ಲ. ನನ್ನ ಮೈಯೆಲ್ಲ ಉರಿಯಿತು. ಚಪ್ಪಲಿ ಬಿಚ್ಚಿ ಬದಿಗಿಟ್ಟು ಬರಿಗಾಲಿನಲ್ಲಿ ನಿಂತೆ.

"ಎಂತ ಮಾಡುದು ನೀನು? ಚಪ್ಪಲಿ ಹಾಕು, ಜನ ನೋಡ್ತಾರೆ."

"ನೋಡ್ಲಿ. ನೀವು ಹಾಕಿದ ನೆಲದಲ್ಲಿ ನಾನು ಒಮ್ಮೆಯಾದರೂ ನಿಲ್ಬೇಡ್ವಾ?"

ಅವರು ಅತ್ತಿತ್ತ ನೋಡಿದರು. ಮಾತು ತಪ್ಪಿಸಲೋ ಏನೋ, "ಇಲ್ಲಿ ನೋಡು, ಈ ಮೂಲೆ ತುಂಬಾ ಸತಾಯಿಸಿತ್ತು," ಎಂದು ಕಂಬದ ಬುಡ ತೋರಿಸಲು ಕೂತರು. ಕೂತದ್ದು ಸರಿ, ಏಳಲಾಗಲಿಲ್ಲ. ನೆಲಕ್ಕೆ ಕೈಯೂರಿದರು, ಕಂಬ ಹಿಡಿದರು, ಕೊನೆಗೆ ನನ್ನ ಭುಜ ಹಿಡಿದು ಎದ್ದರು. ಆ ಏಸಿಯಲ್ಲೂ ಹಣೆ ಬೆವರಿತ್ತು.

"ಎಷ್ಟು ಸಮಯದಿಂದ ಹೀಗೆ?"

"ಇಲ್ಲಿಯ ಕೆಲಸ ಮುಗಿಯುವಾಗಲೇ ಮೊಣಕಾಲು ಹೋಗಿತ್ತು. ಈಗ ನಾನು ನಿಂತು ಹೇಳುದು ಮಾತ್ರ, ಬೇರೆಯವರು ಹಾಕುದು. ನೀನು ನೆಲ ಹಾಗೇ ಬಿಟ್ಟು ಕಾಯ್ತಾ ಇದ್ದೆ. ಹೇಗೆ ಹೇಳುದು?"

ಅವರ ಮೇಲೆ ಸಿಟ್ಟು ಬರಲಿಲ್ಲ. ಕೈಯ ಕೆಲಸವನ್ನು ಮಾತ್ರ ಆ ಸ್ಟೇಷನ್ ಇಟ್ಟುಕೊಂಡಿದೆ ಎಂದುಕೊಂಡಿದ್ದೆ. ಅದು ಕಾಲನ್ನೂ ಬಿಟ್ಟಿರಲಿಲ್ಲ. ಆ ಹೊಳೆಯುವ ನೆಲವನ್ನು ಕಿತ್ತು ಊರಿಗೆ ಒಯ್ಯಬೇಕು ಅನಿಸಿತು.

ಊರಿಗೆ ಮರಳಿದ ಕೂಡಲೇ ಮುಳ್ಳೇರಿಯದ ಕಡೆಯ ಒಬ್ಬ ಮೇಸ್ತ್ರಿಯನ್ನು ಕರೆಸಿ ಮನೆಗೆಲ್ಲ ಟೈಲ್ಸ್ ಹಾಕಿಸಿದೆ. ಚಾವಡಿಯ ಬಾಗಿಲ ಹತ್ತಿರ ಸಂದು ಸೊಟ್ಟಗಾಯಿತು, ನನಗೇ ಕಾಣುವಷ್ಟು. ಮುಂದಿನ ರಜೆಯಲ್ಲಿ ಬಂದ ಅವರು ಹೊಸ್ತಿಲು ದಾಟುವಾಗಲೇ ಅದನ್ನು ಕಂಡರು. ಕಾಲಿನ ಹೆಬ್ಬೆರಳನ್ನು ಆ ಸಂದಿನ ಮೇಲೆ ಒಮ್ಮೆ ಎಳೆದು, ಕುರ್ಚಿಯಲ್ಲಿ ಕೂತರು.

"ಒಳ್ಳೆದಾಗಿದೆ," ಎಂದರು.

ಟೈಲ್ಸಿನ ಕೆಲಸ ಹೇಗಾಗಿದೆ ಎಂಬ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.