ಮಾನಿಟರ್ ಸೈಕಲ್ ಕಲಿತದ್ದು

ಏಳನೇ ಕ್ಲಾಸಿನಲ್ಲಿ ಕರಿಹಲಗೆಯ ಮೇಲೆ ನನ್ನ ಹೆಸರು ಬರೆದವನನ್ನು ನಾನು ಇವತ್ತಿನವರೆಗೂ ಕ್ಷಮಿಸಿಲ್ಲ. ಸದ್ಯಕ್ಕೆ ಕ್ಷಮಿಸುವ ಆಲೋಚನೆಯೂ ಇಲ್ಲ. ಅವನು ನಮ್ಮ ಮಾನಿಟರ್. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರು ಬರೆಯುವುದು ಅವನ ಕೆಲಸ. ಆ ದಿನ ನಾನು ತುಟಿ ಬಿಚ್ಚಿರಲಿಲ್ಲ. ಪೆನ್ಸಿಲ್ ಚೂಪು ಮಾಡುತ್ತಿದ್ದೆ, ಅಷ್ಟೇ. ಆದರೂ ನನ್ನ ಹೆಸರು ಹಲಗೆ ಹತ್ತಿತು, ಸಾಲದ್ದಕ್ಕೆ ಪಕ್ಕದಲ್ಲಿ ಮೂರು ಗೀಟು. ಮೂರು ಗೀಟು ಎಂದರೆ ಮೂರು ಸಲ ಹೇಳಿದರೂ ಕೇಳದವನು ಎಂದು.

ಮಾರನೆಯ ದಿನ ಇಡೀ ಕ್ಲಾಸು ಸೈಕಲ್ ಹತ್ತಿ ಕೆರೆಗೆ ಹೋಯಿತು. ಶಿಕ್ಷೆಗೆ ನನ್ನನ್ನು ಬಿಟ್ಟುಹೋದರು. ಸೈಕಲ್ ಹೊಡೆಯಲು ಬರದ ಮಾನಿಟರೂ ಉಳಿದ. ಸಂಜೆಯವರೆಗೆ ಇಬ್ಬರೂ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದೆವು. ನಾನು ಒಂದು ಮಾತೂ ಆಡಲಿಲ್ಲ. ಆ ವರ್ಷವೇ ನನ್ನ ಓದು ಮುಗಿದು ಸೈಕಲ್ ಅಂಗಡಿ ಸೇರಿದೆ. ಈಗ ಆ ಅಂಗಡಿ ನನ್ನದೇ. ಮುಂದೆ ಒಂದು ಬೆಂಚು, ಒಳಗೆ ಪಂಚರ್ ನೋಡುವ ನೀರಿನ ತೊಟ್ಟಿ, ಸೂರಿನಿಂದ ನೇತಾಡುವ ಟೈರುಗಳು, ಹಿಂದೆ ಮನೆ.

ನಲವತ್ತನಾಲ್ಕು ವರ್ಷದ ಮೇಲೆ ಒಂದು ಬೆಳಗ್ಗೆ ಆ ಮಾನಿಟರ್ ಅಂಗಡಿಗೆ ನಡೆದುಕೊಂಡು ಬಂದ. ನಾನು ಒಂದು ಚಕ್ರದ ಬೆಂಡು ತೆಗೆಯುತ್ತಿದ್ದೆ.

"ಏನೋ ಮೆಣಸಿನಕಾಯಿ, ಚೆನ್ನಾಗಿದ್ದೀಯಾ?" ಎಂದ.

ಆ ಅಡ್ಡಹೆಸರು ಕರೆಯುವ ಧೈರ್ಯ ನಮ್ಮ ಕ್ಲಾಸಿನವರಿಗೆ ಬಿಟ್ಟರೆ ಯಾರಿಗೂ ಇಲ್ಲ. ತಲೆಯೆತ್ತಿ ನೋಡಿದೆ. ಕೂದಲು ಹೋಗಿತ್ತು, ಹೊಟ್ಟೆ ಬಂದಿತ್ತು. ನಗು ಮಾತ್ರ ಅದೇ.

"ಗಾಡಿ ತಂದಿದ್ದರೆ ನಿಲ್ಲು. ಇಲ್ಲದಿದ್ದರೆ ಜಾಗ ಖಾಲಿ ಮಾಡು," ಎಂದೆ.

ಅವನು ಬೆಂಚಿನ ಮೇಲೆ ಆರಾಮಾಗಿ ಕೂತ. ಇಪ್ಪತ್ತೊಂಬತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ಕಾಲು ಸಾಕೆಂದಾಗ ಕೆಲಸ ಬಿಟ್ಟಿದ್ದ. ಬಸ್ ಬಿಟ್ಟ ಮೇಲೆ ಹಳೆಯ ಕ್ಲಾಸನ್ನು ಹಿಡಿದುಕೊಂಡಿದ್ದ. ಹಾಜರಿ ಕರೆಯುವ ಕ್ರಮ ಅವನಿಗೆ ಇನ್ನೂ ಬಾಯಿಪಾಠ. ನಮ್ಮವರಲ್ಲಿ ಯಾರು ಯಾವ ಸ್ಟಾಪಿನಲ್ಲಿ ಇಳಿಯುತ್ತಿದ್ದರು ಎಂಬುದೂ ನೆನಪು. ಆ ಸ್ಟಾಪುಗಳಿಗೆ ಹೋಗಿ, ಬೀದಿ ಬೀದಿ ವಿಚಾರಿಸಿ, ಹನ್ನೊಂದು ಮಂದಿಯನ್ನು ಹುಡುಕಿದ್ದ. ಹನ್ನೆರಡನೆಯವನು ನಾನು.

"ಮುಂದಿನ ತಿಂಗಳು ಮೊದಲನೇ ಭಾನುವಾರ ಎಲ್ಲರೂ ಕೆರೆಗೆ ಹೋಗ್ತಿದ್ದೀವಿ," ಎಂದ. "ಸೈಕಲ್ ಮೇಲೆ. ಅವತ್ತಿನ ಹಾಗೇ."

"ನೀನು ಹೇಗೆ ಬರ್ತೀಯ? ಕ್ಯಾರಿಯರ್ ಮೇಲೆ ಕೂತಾ?"

"ಅದಕ್ಕೇ ಬಂದೆ. ನನಗೆ ಕಲಿಸು."

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಎಸೆದೆ. ಹಲಗೆ, ಪೆನ್ಸಿಲ್, ಮೂರು ಗೀಟು, ಎಲ್ಲ ಒಂದೇ ಉಸಿರಿನಲ್ಲಿ ಹೊರಗೆ ಬಂತು. ಅವನು ತಲೆ ತಗ್ಗಿಸಲಿಲ್ಲ.

"ಬೇಕೂಂತಲೇ ಬರೆದೆ," ಎಂದ. "ನೀವೆಲ್ಲ ಹೋಗಿಬಿಟ್ಟಿದ್ದರೆ ನಾನೊಬ್ಬನೇ ಕೂತಿರಬೇಕಿತ್ತು. ಜೊತೆಗೆ ಯಾರಾದರೂ ಇರಲಿ ಅನ್ನಿಸ್ತು."

"ಇಪ್ಪತ್ತೆಂಟು ಜನರಲ್ಲಿ ನಾನೇ ಬೇಕಾಗಿತ್ತೇನೋ?"

"ನೀನಾದರೆ ಬೇಜಾರಾಗಲ್ಲ ಅಂದ್ಕೊಂಡೆ. ಆದರೆ ನೀನು ದಿನವಿಡೀ ಬಾಯೇ ಬಿಡಲಿಲ್ಲ."

ನನ್ನ ಹೆಂಡತಿ ಒಳಗಿನಿಂದ ಚಹಾ ತಂದಳು. ನನಗಲ್ಲ, ಅವನಿಗೆ. "ಅಣ್ಣ ಇಷ್ಟು ಕೇಳ್ತಿದ್ದಾರಲ್ಲ, ಕಲಿಸ್ರೀ. ದಿನಾ ಹೇಗೂ ಯಾರ ಮೇಲಾದರೂ ಕೂಗಾಡ್ತೀರ, ಇವರ ಮೇಲೆ ಕೂಗಾಡಿ," ಎಂದಳು.

"ಬಸ್ಸಲ್ಲಿ ಬಾರೋ," ಎಂದೆ ಅವನಿಗೆ.

ಅವನು ಲೋಟ ಕೆಳಗಿಟ್ಟ. "ಇಷ್ಟು ವರ್ಷ ಬಸ್ಸಲ್ಲೇ ಹೋದೆ, ಮಾರಾಯ. ಈ ಸಲವೂ ಉಳಿದುಬಿಟ್ಟರೆ ಮತ್ತೆ ಕೇಳೋಕೆ ನನಗೇ ಮುಖ ಇರಲ್ಲ."

ಉಳಿದದ್ದು ಹದಿನೆಂಟು ದಿನ. ಐವತ್ತೇಳು ವರ್ಷದವನನ್ನು ಹಿಂದಿನಿಂದ ಹಿಡಿದುಕೊಂಡು ಓಡಲು ನನಗೇನು ಹುಚ್ಚೆ? ಒಂದು ಹಳೆಯ ಸೈಕಲ್ಲಿನ ಎರಡೂ ಪೆಡಲ್ ಕಳಚಿ, ಸೀಟು ಪೂರಾ ಇಳಿಸಿದೆ. ಕಾಲು ನೆಲಕ್ಕೆ ಎಟುಕುತ್ತದೆ, ಒದ್ದುಕೊಂಡು ಹೋಗಬೇಕು. ತೂಕ ಹಿಡಿಯುವುದು ಬಂದ ಮೇಲೆ ಪೆಡಲ್. ನಾನು ಎಲ್ಲರಿಗೂ ಕಲಿಸುವುದು ಹೀಗೆಯೇ.

ಮೊದಲ ದಿನವೇ ಅವನು ಕೊರಳಿಗೆ ಬಸ್ಸಿನ ಕಾಲದ ಹಳೆಯ ಸೀಟಿ ಹಾಕಿಕೊಂಡು ಬಂದ. ಹೊರಡುವಾಗ ಎರಡು ಸಲ ಊದುತ್ತಿದ್ದ, ಊದದೆ ಕಾಲೇ ಏಳದು. ಗಲ್ಲಿಯಲ್ಲಿ ನಿಂತವರಿಗೆಲ್ಲ "ಸ್ವಲ್ಪ ಒಳಗೆ ಸರೀರಿ" ಎನ್ನುತ್ತಿದ್ದ. ಒಳಗೆ ಎಂದರೆ ಎಲ್ಲಿಗೆಂದು ತಿಳಿಯದೆ ಜನ ಚರಂಡಿಗೆ ಸರಿದರು. ನಾಲ್ಕನೆಯ ದಿನ ಗೋಡೆಗೆ ಗುದ್ದಿದ. ಏಳನೆಯ ದಿನ ಅದೇ ಗೋಡೆಗೆ, ಇನ್ನೂ ಜೋರಾಗಿ. ನಾನು ಬೈದದ್ದು ಪಕ್ಕದ ಬೀದಿಗೂ ಕೇಳಿತಂತೆ.

"ಬಿಡೋ, ಮಂಡಿ ಎರಡೂ ನನ್ನ ಜೊತೆ ಇವೆ," ಎಂದು ಅವನು ಪ್ಯಾಂಟು ಕೊಡವಿಕೊಂಡ. "ನೋಯ್ತಿವೆ ಅಂದರೆ ಇನ್ನೂ ಕೆಲಸಕ್ಕೆ ಬರುತ್ತಿವೆ ಅಂತ ಅರ್ಥ."

ಹದಿನಾಲ್ಕನೆಯ ದಿನ ಪೆಡಲ್ ಹಾಕಿದೆ. ಹದಿನಾರಕ್ಕೆ ಗಲ್ಲಿಯ ಕೊನೆವರೆಗೆ ಹೋಗಿ ತಿರುಗಿ ಬಂದ. ನಮ್ಮ ಗಲ್ಲಿ ಚಪ್ಪಟೆ. ಕಾಲು ನಿಲ್ಲಿಸಿದರೆ ಗಾಡಿ ತಾನಾಗಿ ನಿಲ್ಲುತ್ತದೆ. ಬ್ರೇಕಿನ ಬಗ್ಗೆ ಬಾಯಲ್ಲಿ ಹೇಳಿದ್ದೆ, ಮಾಡಿಸಿ ನೋಡಿರಲಿಲ್ಲ. ತಪ್ಪು ನನ್ನದೇ.

ಭಾನುವಾರ ಹದಿಮೂರು ಸೈಕಲ್ ಸೇರಿದವು. ಒಂದು ಕಾಲದ ಡುಮ್ಮ ಈಗ ಕಡ್ಡಿಯಂತಿದ್ದ. ಹಿಂದಿನ ಬೆಂಚಿನ ಅಳುಮುಂಜಿ ಹುಡುಗಿ ದೊಡ್ಡ ಆಸ್ಪತ್ರೆಯ ನರ್ಸ್ ಆಗಿ, ಈಗ ಯಾರು ಅತ್ತರೂ ಗದರುವ ಹೆಂಗಸಾಗಿದ್ದಳು. ಮಾನಿಟರ್ ಹಾಜರಿ ಕರೆದ. ಐವತ್ತು ದಾಟಿದ ಗಂಟಲುಗಳೆಲ್ಲ "ಬಂದಿದ್ದೀನಿ" ಎಂದವು. ದಾರಿಯುದ್ದಕ್ಕೂ ಯಾರ ಸಕ್ಕರೆ ಎಷ್ಟು, ಯಾರ ಹಲ್ಲು ಎಷ್ಟು ಉಳಿದಿದೆ ಎಂದು ಪೈಪೋಟಿ ನಡೆಯಿತು. ಡುಮ್ಮ ಗೆದ್ದ, ಅವನ ಹಲ್ಲೆಲ್ಲ ಹೊಸವು.

ಕೆರೆಗೆ ಇಳಿಯುವ ಜಾಗದಲ್ಲಿ ರಸ್ತೆ ಇಳಿಜಾರು. ಮಾನಿಟರ್ ನಡುವೆ ಇದ್ದ. ಅವನ ಗಾಡಿಗೆ ವೇಗ ಬಂತು. ನೋಡುತ್ತಿದ್ದಂತೆಯೇ ಅವನು ಸೀಟಿ ಬಾಯಿಗಿಟ್ಟು ಒಂದೇ ಸಲ ಉದ್ದಕ್ಕೆ ಊದಿದ.

ನಾವು ಹನ್ನೆರಡೂ ಜನ ಗಕ್ಕನೆ ಬ್ರೇಕ್ ಹಿಡಿದು ನಿಂತೆವು.

ಅವನೊಬ್ಬ ನಿಲ್ಲಲಿಲ್ಲ. ನಮ್ಮ ಮಧ್ಯದಿಂದ ಹಾದು, ಹುಲ್ಲಿನ ಮೇಲೆ ಕುಪ್ಪಳಿಸಿ, ಸೀದಾ ಕೆರೆಯೊಳಗೆ ಹೋದ. ನಾನು ಸೈಕಲ್ ಬಿಸಾಕಿ ಓಡಿದೆ. ಹೋಗಿ ನೋಡಿದರೆ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ, ಸೈಕಲ್ಲಿನ ಮೇಲೆಯೇ, ಎರಡೂ ಕಾಲು ಕೆಸರಿಗೆ ಊರಿ ನೆಟ್ಟಗೆ ಕೂತಿದ್ದ.

"ಬ್ರೇಕ್ ಹಿಡಿಯೋಕೆ ಏನಾಗಿತ್ತೋ ನಿನಗೆ?" ಎಂದು ಕೂಗಿದೆ.

"ಸೀಟಿ ಊದಿದ್ನಲ್ಲ," ಎಂದ. ಮುಖದಲ್ಲಿ ನಿಜವಾದ ಆಶ್ಚರ್ಯ. ಇಪ್ಪತ್ತೊಂಬತ್ತು ವರ್ಷ ಅವನು ಹೀಗೆ ಒಂದೇ ಸಲ ಊದಿದಾಗೆಲ್ಲ ಮುಂದೆ ಕೂತಿದ್ದ ಯಾರೋ ಬ್ರೇಕ್ ಒತ್ತಿದ್ದರು.

ನರ್ಸ್ ನೀರಿಗಿಳಿದು ಅವನ ನಾಡಿ ಹಿಡಿದಳು. "ನನ್ನದಕ್ಕಿಂತ ಚೆನ್ನಾಗಿ ಹೊಡ್ಕೋತಿದೆ," ಎಂದಳು.

ಅವನು ಸುತ್ತ ನೋಡಿದ. ನಾವೆಲ್ಲ ಇನ್ನೂ ದಡದಲ್ಲೇ ಇದ್ದೆವು. "ಮೊದಲು ಬಂದೋನು ನಾನೇ ತಾನೆ?" ಎಂದ. ಅಲ್ಲ ಎಂದು ಯಾರೂ ಅನ್ನಲಿಲ್ಲ.

ಆಮೇಲೆ ಸೀಟು ಏರಿಸಿ ಬ್ರೇಕ್ ಕಲಿಸಿದೆ. ಈಗ ಅವನು ಪ್ರತಿ ಭಾನುವಾರ ಸೈಕಲ್ ಮೇಲೆಯೇ ನಮ್ಮನ್ನೆಲ್ಲ ಮನೆ ಮನೆಗೆ ಹೋಗಿ ಎಬ್ಬಿಸುತ್ತಾನೆ. ಆದರೆ ಸೈಕಲ್ಲಿನಿಂದ ಇಳಿಯುವ ಪಾಠ ಹಾಗೇ ಉಳಿದಿದೆ. ಅವನು ಬಂದು ನನ್ನ ಬಾಗಿಲಲ್ಲಿ ಪೇರಿಸಿಟ್ಟ ಹಳೆಯ ಟೈರುಗಳಿಗೆ ಒರಗುತ್ತಾನೆ, ನಾನು ಹ್ಯಾಂಡಲ್ ಹಿಡಿಯುತ್ತೇನೆ, ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಇಳಿಯುತ್ತಾನೆ.

"ಇಳಿಯೋದು ಯಾವಾಗ ಕಲಿಸ್ತೀಯೋ?" ಎಂದು ಪ್ರತಿ ಸಲವೂ ಕೇಳುತ್ತಾನೆ.

"ಮುಂದಿನ ವಾರ. ಈಗ ತಲೆ ತಿನ್ನಬೇಡ," ಎನ್ನುತ್ತೇನೆ.

ಎರಡು ವರ್ಷವಾಯಿತು. ಆ ಒಂದು ಪಾಠದ ಋಣ ಇನ್ನೂ ನನ್ನ ತಲೆಯ ಮೇಲೆಯೇ ಇದೆ.