ರನ್ನಿಂಗ್-ಇನ್ ಮುಗಿಯದ ಜೀಪು

ನನ್ನ ಗಂಡ ತೀರಿಕೊಂಡ ವಾರ ಎರ್ನಾಕುಲಂನ ಕಲೂರಿನಲ್ಲಿದ್ದ ನಮ್ಮ ಫ್ಲ್ಯಾಟಿಗೆ ಬಂದ ಗಂಡಸರೆಲ್ಲ ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ನೆಲ ನೋಡುತ್ತಿದ್ದರು, ಅದಾದ ಮೇಲೆ ಜೀಪಿನ ಎಂಜಿನ್ನನ್ನು ವಿಚಾರಿಸುತ್ತಿದ್ದರು. "ಅದು ಈಗ ಹೇಗಿದೆ?" ಎಂದು, ಆಸ್ಪತ್ರೆಯಲ್ಲಿ ಮಲಗಿದವರನ್ನು ಕೇಳುವ ದನಿಯಲ್ಲಿ. ಬಿಚ್ಚಿ, ಕೊರೆದು, ದೊಡ್ಡದು ಮಾಡಿಸಿದ ಎಂಜಿನ್ ಬಹಳ ಕಾಲ ಬಾಳುವುದಿಲ್ಲ ಎಂದು ಅವರೆಲ್ಲ ವರ್ಷಗಳಿಂದ ಹೇಳುತ್ತಲೇ ಬಂದಿದ್ದರು. ನನ್ನ ಗಂಡನ ಹೃದಯದ ಬಗ್ಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಅದನ್ನು ಯಾರೂ ಬಿಚ್ಚಿ ಜೋಡಿಸಿರಲಿಲ್ಲ. ಹಾಗಾಗಿ ನಂಬಬಹುದು ಎಂದುಕೊಂಡಿದ್ದೆವು.

ಅವರು ಕಾಸರಗೋಡಿನ ಕಡೆಯವರು. ಎರ್ನಾಕುಲಂನಲ್ಲಿ ಸರಕಾರಿ ವಕೀಲರ ಕಚೇರಿಯಲ್ಲಿ ಕೆಲಸ. ಜೀವನವಿಡೀ ಫೈಲು ಹೊತ್ತ ಮನುಷ್ಯನಿಗೆ ನಡುವಯಸ್ಸಿನಲ್ಲಿ ಬೆಟ್ಟ ಹತ್ತುವ ಆಸೆ ಬಂತು, ಅದೂ ಕೂತುಕೊಂಡು. ಹಳೆಯ ಡೀಸೆಲ್ ಜೀಪು ತಂದರು. ಕಡಿದಾದ ದಾರಿಗೆ ಶಕ್ತಿ ಸಾಲದು ಎಂದು ಸಿಲಿಂಡರುಗಳನ್ನು ಕೊರೆಸಿ, ದೊಡ್ಡ ಪಿಸ್ಟನ್ ಹಾಕಿಸಿದರು. ಕೆಲಸ ಮುಗಿಸಿದವರು ಕೀ ಕೊಡುವಾಗ, "ಶುರುವಿನಲ್ಲಿ ಸ್ವಲ್ಪ ಮೆಲ್ಲಗೆ ಓಡಿಸಿ ಸಾರ್, ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು" ಎಂದರು. ಇದಕ್ಕೆ ರನ್ನಿಂಗ್-ಇನ್ ಎನ್ನುತ್ತಾರಂತೆ.

ಸ್ವಲ್ಪ ಎಂದರೆ ಎಷ್ಟು ಎಂದು ಇವರು ಕೇಳಲಿಲ್ಲ. ವಾಯಿದೆ ಕೇಳುವ ಕಚೇರಿಯಲ್ಲಿ ಬೆಳೆದ ಮನುಷ್ಯ ಎಂಜಿನ್ನಿಗೂ ವಾಯಿದೆ ಕೇಳುತ್ತ ಹೋದರು. ಭಾನುವಾರ ಗೆಳೆಯರ ಜೀಪುಗಳು ವಾಗಮಣ್ ಬೆಟ್ಟದ ಕಡೆಗೆ ಹೊರಡುತ್ತಿದ್ದವು. ಇವರು ತಮ್ಮ ಜೀಪಿಗೆ ಹೊದಿಕೆ ಹಾಕಿ, ಇನ್ನೊಬ್ಬರ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದರು. "ಸಾರಿನ ಜೀಪೆಲ್ಲಿ?" ಎಂದು ಅವರು ನಗುವರು. "ರನ್ನಿಂಗ್-ಇನ್‌ನಲ್ಲಿ ಉಂಟು" ಎಂದು ಇವರು ಗಂಭೀರವಾಗಿ ಹೇಳುವರು. ಕೆಸರಿಗೆ, ಕಲ್ಲಿಗೆ, ಏರಿಗೆಂದು ಕಟ್ಟಿಸಿದ ಆ ಗಾಡಿ ಎಂದೂ ಡಾಂಬರು ಬಿಟ್ಟು ಕೆಳಗಿಳಿಯಲಿಲ್ಲ.

ಅದು ಹೋಗುತ್ತಿದ್ದುದು ತಿರುವನಂತಪುರಕ್ಕೆ ಮಾತ್ರ. ನಮ್ಮ ಮಗಳು ಅಲ್ಲಿನ ಶ್ರೀಕಾರ್ಯಂನಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಆಲಪ್ಪುಳದ ದಾರಿಯಲ್ಲಿ ಏರಿಲ್ಲ ಎಂದು ಯಾವಾಗಲೂ ಅದೇ ದಾರಿ. ಒಮ್ಮೆ ಅಕ್ಕಿ ಮೂಟೆ, ಅಜ್ಜಿ, ಮೊಮ್ಮಕ್ಕಳನ್ನೆಲ್ಲ ತುಂಬಿಕೊಂಡ ಆಟೋ ನಮ್ಮನ್ನು ಹಿಂದೆ ಹಾಕಿತು. ಅಜ್ಜಿ ಹೊರಳಿ ನೋಡಿದರು, ಕನಿಕರದಿಂದ.

"ನೋಡಿ, ಹಿಂದೆ ಲಾರಿಯವ ಬಯ್ತಾ ಇದ್ದಾನೆ."

"ಬಯ್ಲಿ ಮಾರಾಯ್ತಿ. ಅವನ ಎಂಜಿನ್ ಗುಜರಿಗೆ ಹೋಗುವಾಗ ನಮ್ಮದು ಹೊಸತೇ ಇರ್ತದೆ."

ಅವರು ಕಚೇರಿ ಕೆಲಸಕ್ಕೆ ರೈಲಿನಲ್ಲಿ ತಿರುವನಂತಪುರಕ್ಕೆ ಹೋದ ದಿನಗಳಲ್ಲಿ ಎಂಜಿನ್ ಚಾಲೂ ಮಾಡುವ ಕೆಲಸ ನನ್ನದಾಗಿತ್ತು. ನನಗೆ ಗಾಡಿ ಓಡಿಸಲು ಬಾರದು. ಕೀ ತಿರುಗಿಸಿ, ನಿಂತಲ್ಲೇ ಓಡಲು ಬಿಟ್ಟು, ಬೆಚ್ಚಗಾದ ಮೇಲೆ ಆಫ್ ಮಾಡುವುದು. ಅವರು ಹೋದ ಮೇಲೆ ಅದನ್ನೇ ದಿನಾ ಬೆಳಿಗ್ಗೆ ಮಾಡತೊಡಗಿದೆ. ದೇವರಿಗೆ ದೀಪ ಹಚ್ಚಿ ಕೆಳಗಿಳಿದು, ಪಾರ್ಕಿಂಗ್‌ನಲ್ಲಿ ಅವರ ಸೀಟಿನಲ್ಲಿ ಕೂರುತ್ತಿದ್ದೆ. ಗುಡುಗುಡು ಸದ್ದು ಬೆನ್ನಿಗೆ ತಾಗುತ್ತಿತ್ತು. ಅವರ ಗೆಳೆಯರೂ ಮೆಚ್ಚಿಕೊಂಡರು: "ಹಾಗೇ ಮಾಡಿ ಚೇಚಿ, ಎಂಜಿನ್ನಿಗೆ ಒಳ್ಳೆಯದು." ಹೊಗೆ ಮೇಲಿನ ಮನೆಗಳಿಗೆ ಹೋಗುತ್ತಿತ್ತು. ಗಂಡ ಸತ್ತವಳನ್ನು ಬಯ್ಯುವುದು ಹೇಗೆ ಎಂದು ಅಲ್ಲಿಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ದುಃಖಕ್ಕೆ ಇಷ್ಟೊಂದು ರಿಯಾಯಿತಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ವರ್ಷಾಂತಿಕ ಮುಗಿದ ಮೇಲೆ ಗಂಡನ ಅಣ್ಣ ಊರಿಂದ ಬಂದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು.

"ಈ ಜೀಪು ನಿನಗೆ ಎಂತಕ್ಕೆ? ಮಾರುವ."

"ಇರಲಿ ಭಾವ."

"ಇದ್ದು ಎಂತ ಮಾಡ್ತದೆ? ನೀನು ಓಡಿಸ್ತೀಯಾ?"

ಮಾರನೆಯ ದಿನವೇ ಕೊಳ್ಳುವವನೊಬ್ಬನನ್ನು ಕರೆತಂದರು. ನಾನು ಕೀ ತಿರುಗಿಸಿದೆ. ಕೊಳವೆಯಿಂದ ನೀಲಿ ಹೊಗೆ ದಪ್ಪವಾಗಿ ಎದ್ದು ಮೂವರನ್ನೂ ಮುಚ್ಚಿತು. ಕೊಳ್ಳಲು ಬಂದವನು ಮುಂಡಿನ ತುದಿಯಿಂದ ಮೂಗು ಹಿಡಿದು, "ಎಂಜಿನ್ ಪೋಯಿ ಸಾರೇ" ಎಂದು ಹೋಗಿಯೇಬಿಟ್ಟ.

ಭಾವನ ಮುಖದಲ್ಲಿ ಕೇಸು ಗೆದ್ದ ಕಳೆ ಬಂತು. "ನಾನು ಆವತ್ತೇ ಹೇಳಿದ್ದೆ. ಇದ್ದದ್ದನ್ನು ಕೊರೆದು ದೊಡ್ಡ ಮಾಡಿದ್ರೆ ಅದು ಉಳಿತದಾ?"

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅವರು ಹೋದದ್ದನ್ನು ಹೇಗೋ ಒಪ್ಪಿಕೊಂಡಿದ್ದೆ. ಆದರೆ ಅಷ್ಟು ಜನ ನಕ್ಕರೂ ಅವರು ಬಿಡದೆ ನಂಬಿದ್ದ ಒಂದೇ ಒಂದು ವಸ್ತು ಇದು. ಇದೂ ಸುಳ್ಳಾದರೆ ನಕ್ಕವರೆಲ್ಲ ಗೆದ್ದ ಹಾಗೆ. ಎದುರು ವಾದಿಸಲು ಅವರೇ ಇಲ್ಲ.

ಶನಿವಾರ ಮಗಳು ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಹೆಚ್ಚಾಗಿ ಮಲಯಾಳದಲ್ಲಿ. ಬಾನೆಟ್ ಎತ್ತಿ, ಆಯಿಲ್ ನೋಡಿ, ಹೊಗೆಯ ಮುಂದೆ ಕೈಯೊಡ್ಡಿ ಮೂಸಿ, "ಅಮ್ಮೇ, ಇದಿನ್ ಲೋಡ್ ಕಿಟ್ಟುನ್ನಿಲ್ಲ" ಎಂದಳು. ಭಾರ ಎಳೆಯುವ ಕೆಲಸವೇ ಸಿಕ್ಕಿಲ್ಲವಂತೆ. ಹೊಸದಾಗಿ ಕೊರೆದ ಸಿಲಿಂಡರಿನ ಒಳಮೈ ತುಸು ಒರಟಾಗಿರುತ್ತದಂತೆ. ಎಂಜಿನ್ ಭಾರ ಎಳೆದಾಗಲೇ ಪಿಸ್ಟನ್ನಿನ ಬಳೆಗಳು ಅದಕ್ಕೆ ಉಜ್ಜಿ ಸರಿಯಾಗಿ ಕೂರುವುದಂತೆ. ನಿಂತಲ್ಲೇ ಓಡಿಸುತ್ತಿದ್ದರೆ ಒಳಗೆ ಗಾಜಿನಂಥ ಹೊಳಪು ಬಂದು, ಆಯಿಲ್ ನುಸುಳಿ ಉರಿಯುತ್ತದಂತೆ.

"ಅಪ್ಪ ಇದನ್ನು ಓಡಿಸಲೇ ಇಲ್ಲ. ಮುದ್ದು ಮಾಡಿದ್ದು. ನೀನೂ ಅದನ್ನೇ ಮಾಡಿದ್ದು" ಎಂದು ನಕ್ಕಳು.

"ಹಾಗಾದ್ರೆ ಈಗ ಎಂತ ಮಾಡುದು?" ಭಾವ ಕೇಳಿದರು.

"ಏರು ಹತ್ತಿಸಿ ನೋಡುವುದು. ತುಂಬ ಹಾಳಾಗದಿದ್ದರೆ ಸರಿಯಾಗಬಹುದು. ಭಾರ ಬೇಕು. ದೊಡ್ಡಪ್ಪ, ನಿಮ್ಮ ತೂಕ ಎಷ್ಟು?"

ಹೀಗೆ ಮಗಳ ಜೊತೆ ತಿರುವನಂತಪುರಕ್ಕೆ ಭಾವನೂ ಹೊರಟರು, ದಾರಿಯಲ್ಲಿ ಕೆಟ್ಟು ನಿಂತಾಗ ಸಾಕ್ಷಿ ಬೇಕಲ್ಲ ಎಂದುಕೊಂಡು. ಹಿಂದಿನ ಸೀಟಿನಲ್ಲಿ ಅವರು, ಅವರ ಬದಿಗೆ ಅಕ್ಕಿ ಮೂಟೆಗಳು, ಕಾಲಡಿಗೆ ಮೇಲಿನ ಮನೆಯವರು ಸಂತೋಷದಿಂದ ಕೊಟ್ಟ ಅರೆಯುವ ಕಲ್ಲು. ಹೊಗೆ ಊರು ಬಿಡುತ್ತದೆಂದರೆ ಅವರು ಇನ್ನೊಂದು ಕಲ್ಲನ್ನೂ ಕೊಡುತ್ತಿದ್ದರು. ಮಗಳು ಆಲಪ್ಪುಳದ ಕಡೆಗೆ ತಿರುಗಿಸಲಿಲ್ಲ. ಕೋಟ್ಟಯಂ, ಕೊಟ್ಟಾರಕ್ಕರ ಮೇಲೆ ಹೋಗುವ ಏರಿಳಿತದ ದಾರಿ ಹಿಡಿದಳು.

ಮೊದಲ ದೊಡ್ಡ ಏರು ಬಂದಾಗ ಗೇರ್ ಇಳಿಸಿ, ಕಾಲನ್ನು ಪೂರ್ತಿ ಒತ್ತಿದಳು. ನಾನು ಸೀಟು ಹಿಡಿದುಕೊಂಡೆ. ಭಾವ ಹಿಂದಕ್ಕೆ ತಿರುಗಿ ಹೊಗೆಯ ವರದಿ ಒಪ್ಪಿಸುತ್ತಿದ್ದರು.

"ಉಂಟು... ಉಂಟು... ಲಾರಿ ಕಾಣುದಿಲ್ಲ, ಅಷ್ಟುಂಟು."

ಏರು ಇಳಿದು ಮತ್ತೆ ಏರು. ಹಾಗೆಯೇ ಮಧ್ಯಾಹ್ನವಾಯಿತು. ಕೊಟ್ಟಾರಕ್ಕರ ದಾಟಿದ ಮೇಲೆ ಭಾವನ ದನಿ ತಗ್ಗಿತು.

"ಈಗ ಸ್ವಲ್ಪ ಉಂಟು... ಈಗ... ಇಲ್ಲವಾ? ತಡಿ, ನಾನು ಕನ್ನಡಕ ತೆಗೆದಿದ್ದೆ."

ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಮುಂದಕ್ಕೆ ತಿರುಗಿ ಕೂತರು.

ಆಗ ನನಗೆ ಸದ್ದು ಕೇಳಿಸಿತು. ಪಾರ್ಕಿಂಗ್‌ನ ಗುಡುಗುಡು ಅಲ್ಲ. ಎದೆಯಿಂದ ಬರುವಂಥ, ಒಂದೇ ಉಸಿರಿನ, ತುಂಬಿದ ದನಿ. ಏರು ಮುಗಿಯುವ ತನಕ ಅದು ಕುಗ್ಗಲಿಲ್ಲ. ಇದನ್ನೇ ಅವರು ಮಾಡಿಸಿದ್ದು. ಇದು ಅಷ್ಟು ವರ್ಷ ಆ ಹೊದಿಕೆಯ ಕೆಳಗಿತ್ತು, ಮತ್ತು ಅವರು ಒಮ್ಮೆಯೂ ಕೇಳಲಿಲ್ಲ. ಅವರು ಹೋದ ದಿನ ಬಾರದಿದ್ದ ಅಳು ಆಗ ಬಂತು.

ಮಗಳು ಕಾಲು ಸಡಿಲಿಸಿದಳು. "ಅಮ್ಮೇ, ನಿಲ್ಲಿಸಲಾ?"

"ಬೇಡ, ಒತ್ತು" ಎಂದೆ.

ಶ್ರೀಕಾರ್ಯಂನಲ್ಲಿ ಇಳಿದಾಗ ಭಾವ ಜೀಪಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ ಮೇಲೆ ಕೈಯಿಟ್ಟು, ಬಿಸಿಗೆ ಹಿಂದಕ್ಕೆ ಎಳೆದುಕೊಂಡರು. ನಂತರ ಮಗಳಿಗೆ ಬುದ್ಧಿ ಹೇಳಿದರು: "ಈಗಷ್ಟೇ ಸರಿಯಾಗಿದ್ದು. ಸ್ವಲ್ಪ ದಿನ ಮೆಲ್ಲ ಓಡಿಸು, ಹೊದಿಕೆ ಹಾಕಿ ಇಡು."

ಭಾವನಿಗೆ ನಾನು ಎಂದೂ ಎದುರಾಡಿದವಳಲ್ಲ. "ಬೇಡ ಭಾವ" ಎಂದೆ. "ಇಲ್ಲೇ ಇರಲಿ. ಇವಳು ಕಾಡಿಗೆ ಕೊಂಡುಹೋಗಲಿ, ಕೆಸರಿಗೆ ಹಾಕಲಿ. ಓಡಿ ಓಡಿ ಸವೆದು ಹೋಗಲಿ."

"ಹಾಗೆ ಮಾಡಿದ್ರೆ ಎಷ್ಟು ಕಾಲ ಬರ್ತದೆ?"

"ಗೊತ್ತಿಲ್ಲ" ಎಂದು ಕೀಯನ್ನು ಮಗಳ ಕೈಯಲ್ಲೇ ಬಿಟ್ಟು, ಭಾವನ ಜೊತೆ ರೈಲಿಗೆ ಹೊರಟೆ.